ಕದಲದ ಉತ್ತರ

ಘಟಪ್ರಭೆಯ ದಡದಲ್ಲಿ ರೇವಯ್ಯ ಗುರುಗಳ ಆಶ್ರಮವಿತ್ತು. ತಬ್ಬಲಿ ಮಕ್ಕಳು ಅಲ್ಲಿ ಉಂಡು, ಓದಿ ಬೆಳೆಯುತ್ತಿದ್ದರು.

ಅಡುಗೆಮನೆಯ ಲೆಕ್ಕವೆಲ್ಲ ಹಿರಿಯ ಶಿಷ್ಯ ಅಡಿವೆಪ್ಪನ ಕೈಯಲ್ಲಿತ್ತು, ಬಸಲಿಂಗ ಬರುವವರೆಗೆ.

ಹೊಸಬ ಬಸಲಿಂಗ ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಏರಿಸಿದ. ಗುರುಗಳು ಮೆಚ್ಚಿ ಅವನ ಹೆಗಲ ಮೇಲೆ ಕೈಯಿಟ್ಟರು. ಅದನ್ನು ಕಂಡ ದಿನ ಅಡಿವೆಪ್ಪನಿಗೆ ತುತ್ತು ಇಳಿಯಲಿಲ್ಲ.

ಕೊನೆಗೆ ತಡೆಯಲಾರದೆ ಗುರುಗಳ ಮುಂದೆ ಹೋಗಿ ಕೂತ.

"ಗುರುಗಳೇ, ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ."

"ಏನಾದರೆ ನಿಂತೀತು?"

"ಬಸಲಿಂಗ ಇಲ್ಲಿಂದ ಹೋದರೆ."

ಗುರುಗಳು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮರುದಿನವೇ ಬಸಲಿಂಗನನ್ನು ಆಚೆ ದಡದ ಮಠಕ್ಕೆ ಕಳಿಸಿಬಿಟ್ಟರು.

ಹೊರಡುವಾಗ ಅವನು ಅಡಿವೆಪ್ಪನ ಕಾಲು ಮುಟ್ಟಿದ. "ಹಾಳೆಯಲ್ಲಿ ಏನಾದರೂ ತೊಡಕಾದರೆ ಹೇಳಿ ಕಳಿಸಿ, ಅಣ್ಣಾ."

"ನನಗೇನು ತೊಡಕು?" ಎಂದ ಅಡಿವೆಪ್ಪ.

ಆ ವಾರ ಮಕ್ಕಳನ್ನು ನೋಡಲು ಬಂದ ಡಾಕ್ಟರಮ್ಮ, ಊಟದಲ್ಲಿ ಪ್ರೋಟೀನ್ ಸಾಲದು ಎಂದರು. ಎಷ್ಟಿರಬೇಕೆಂದೂ ಹೇಳಿದರು.

"ಉಗ್ರಾಣದ ಬೇಳೆ ಸುಗ್ಗಿಯವರೆಗೂ ಬರಬೇಕು," ಎಂದರು ಗುರುಗಳು ಅಡಿವೆಪ್ಪನಿಗೆ. "ಎಷ್ಟು ಹೆಚ್ಚಿಸಿದರೆ ಸಾಕು, ನೋಡಿ ಹೇಳು."

ಅದಕ್ಕೊಂದು ಉಪಾಯ ಹಾಳೆಯಲ್ಲೇ ಇತ್ತು, ಗೋಲ್ ಸೀಕ್ ಅಂತ. ಬೇಕಾದ ಉತ್ತರವನ್ನು ಮೊದಲೇ ಹೇಳಿ, ಅಂಕಿ ತುಂಬುವ ಯಾವ ಚೌಕವನ್ನು ಬದಲಾಯಿಸಬೇಕೋ ಅದನ್ನು ತೋರಿಸಿದರೆ ಆಯಿತು. ಅಲ್ಲಿ ಯಾವ ಅಂಕಿ ಇರಬೇಕೆಂದು ಯಂತ್ರವೇ ಹುಡುಕಿಕೊಡುತ್ತಿತ್ತು.

ಅಡಿವೆಪ್ಪ ಡಾಕ್ಟರಮ್ಮ ಹೇಳಿದ್ದನ್ನು ಬರೆದ, ಬೇಳೆಯ ಚೌಕ ತೋರಿಸಿದ. ಯಂತ್ರ ಹುಡುಕಿ ಹುಡುಕಿ, ಉತ್ತರ ಸಿಗಲಿಲ್ಲ ಎಂದಿತು. ಎಷ್ಟು ಸಲ ಮಾಡಿದರೂ ಅದೇ.

'ಹೋಗುವಾಗ ಕೆಡಿಸಿಯೇ ಹೋಗಿದ್ದಾನೆ' ಅಂದುಕೊಂಡ. ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ.

ಮಕ್ಕಳು ಬಂದು, "ಬಸಲಿಂಗಣ್ಣ ಯಾವಾಗ ಬರ್ತಾನೆ?" ಎಂದು ಕೇಳುತ್ತಿದ್ದರು. ಧ್ಯಾನಕ್ಕೆ ಕಣ್ಣು ಮುಚ್ಚಿದರೂ ಅವನದೇ ಮುಖ.

ಒಂದು ಸಂಜೆ ಪ್ರಾರ್ಥನೆಗೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ತಲೆ ಸುತ್ತಿ ಕುಸಿದಳು. ಅವಳನ್ನು ಎತ್ತಿಕೊಂಡ ಅಡಿವೆಪ್ಪನಿಗೆ ಭಾರವೇ ತಿಳಿಯಲಿಲ್ಲ.

ಅವಳಿಗೆ ಹಾಲು ಕುಡಿಸಿ, ನೇರವಾಗಿ ಹಾಳೆಯ ಮುಂದೆ ಕೂತ. ಬೇಳೆಯ ಚೌಕದಲ್ಲಿ ತಾನೇ ಒಂದು ಸೇರು ಎಂದು ಬರೆದ. ಹತ್ತು ಬರೆದ, ನೂರು ಬರೆದ. ಉತ್ತರ ಕೂದಲೆಳೆಯಷ್ಟೂ ಕದಲಲಿಲ್ಲ. ಆಗ ಉತ್ತರದ ಹಿಂದಿನ ಸೂತ್ರವನ್ನು ಬಿಚ್ಚಿ ನೋಡಿದ.

ಬೆಳಿಗ್ಗೆ ಮಕ್ಕಳ ತಟ್ಟೆಗೆ ಗಟ್ಟಿ ಬೇಳೆ ಬಿತ್ತು.

"ಲೆಕ್ಕ ಸಿಕ್ಕಿತೇ?" ಎಂದು ಕೇಳಿದರು ಗುರುಗಳು.

"ಸಿಕ್ಕಿತು, ಗುರುಗಳೇ. ಹಾಳೆ ಕೆಟ್ಟಿರಲಿಲ್ಲ. ಬಸಲಿಂಗ ಮಾಡಿಟ್ಟ ಚೌಕ ನನಗೆ ಬೇಡವಾಗಿತ್ತು. ಪಕ್ಕದಲ್ಲಿ ನನ್ನದೇ ಒಂದು ಮಾಡಿಕೊಂಡಿದ್ದೆ."

"ಅದರಿಂದೇನಾಯಿತು?"

"ಅದಕ್ಕೂ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಸಂಬಂಧವಿಲ್ಲದ್ದನ್ನು ಎಷ್ಟು ಬದಲಾಯಿಸಿದರೇನು, ಉತ್ತರ ಇದ್ದಲ್ಲೇ ಇರುತ್ತದೆ."

ಗುರುಗಳು ಆಚೆ ದಡದ ಕಡೆ ನೋಡಿದರು.

"ಹಾಗಾದರೆ, ನಿನ್ನ ಮನಸ್ಸು ನಿಲ್ಲಲೆಂದು ಕಳಿಸಿದ ಬಸಲಿಂಗನನ್ನು ಕರೆಸಲೇ?"