ಪೈನ್ ಹುಡುಗಿಯ ಹಸಿರು

ಹಿಮದ ಬೆಟ್ಟದಲ್ಲಿ ಪೈನ್ ಮರಗಳ ಗುಂಪೊಂದಿತ್ತಂತೆ. ಬಿರುಗಾಳಿ ಬಂದರೆ ಬೇರಿಗೆ ಬೇರು ಹೆಣೆದು ನಿಲ್ಲೋದು ಅವರ ರೂಢಿ. ಹೊಳೆಯಾಚೆಯಿಂದ ಹಕ್ಕಿ ತಂದು ಬೀಳಿಸಿದ ಬೀಜದಿಂದ ಹುಟ್ಟಿದ ಪೈನ್ ಹುಡುಗಿ ಕೇಳಿದಳು, "ಯಜಮಾನ್ರೇ, ಗಾಳಿ ಬರ್ತಿದೆ, ನನ್ನ ಬೇರನ್ನೂ ಹಿಡ್ಕೊಳ್ಳಿ."

"ನೀನು ಹೊಳೆಯಾಚೆಯವಳು. ಪರರ ಬೇರು ನಾವು ಮುಟ್ಟೋದಿಲ್ಲ" ಅಂದ ಹಿರಿಯ ಪೈನ್.

ಅವಳ ಎಲೆಯೊಳಗಿನ ಹಸಿರು ಕಣ ನಕ್ಕಿತು. "ಹೊಳೆಯಾಚೆಯವಳು ಇವಳ ತಾಯಿ. ನಮ್ಮ ಪೈನ್ ಕುಲದಲ್ಲಿ ಎಲೆಯ ಹಸಿರು ಬರೋದು ತಂದೆಯಿಂದ, ಪರಾಗದ ಜೊತೆ. ನಿಮ್ಮ ಹಸಿರನ್ನೇ ಕೇಳಿ ನೋಡಿ."

ಹಿರಿಯ ಪೈನ್ ಕೇಳಿದ. ಮುತ್ತಾತಂದಿರು ಯಾವ ಯಾವ ಬೆಟ್ಟ ದಾಟಿ ಬಂದರು ಅನ್ನೋದನ್ನ ಎರಡು ಹಸಿರೂ ಒಂದಕ್ಷರ ತಪ್ಪದೆ ಒಂದೇ ಥರ ಹೇಳಿದವು.

"ಅಯ್ಯೋ, ನನ್ನ ಮಗಳು" ಅಂತ ಬೇರು ಚಾಚಿದ.

ಪಕ್ಕದ ಮರ ಕೇಳಿತು, "ಆ ಕಡೆ ಹಕ್ಕಿ ತಂದ ಬೀಜದಿಂದಲೇ ಹುಟ್ಟಿದ ನಾಲ್ಕು ಸಸಿಗಳು?"

"ಎಲ್ಲರನ್ನೂ ಹಿಡ್ಕೊಳ್ರೋ. ಅರವತ್ತು ವಸಂತ ಗಾಳಿಗೆ ಪರಾಗ ತೂರಿದವನು ನಾನು, ಯಾರನ್ನ ಪರರು ಅನ್ನಲಿ?"