ಬೇವಿನ ಮರದಡಿಯ ಮೂರು ಕಲ್ಲು

"ಕೇಳ್ರಪೋ ಕೇಳ್ರಿ! ಎರೆನಾಡಿನ ದೊರೆ ವೀರಮಲ್ಲರಾಯರ ಅಪ್ಪಣೆ! ಹಳೇ ಮನಿ ಕೆಡವಿ ಹೊಸದಾಗಿ ಕಟ್ಟಿದವರಿಗೆ ಐದು ವರ್ಷ ಮನಿ ತೆರಿಗಿ ಮಾಫಿ ಅಂದಿದ್ದು ಇವತ್ತಿಗೆ ನಿಂತೈತಿ! ದೊರೆಗಳ ಮೂರು ಒಗಟು ಬಿಡಿಸಿದವರ ಮಾತಿನಂಗ ಹೊಸ ಕಟ್ಟಳೆ! ತಪ್ಪು ಹೇಳಿದವರ ಮನಿ ಮಾಳಿಗಿ ಕೀಳಸ್ತೀವಿ!"

ಡಂಗುರ ಕೇಳಿ ಊರು ನಗಲಿಲ್ಲ, ಏಕೆಂದರೆ ತಪ್ಪು ಊರಿನದೇ ಆಗಿತ್ತು. ಮಾಫಿಯ ಸುದ್ದಿ ಹೊರಬಿದ್ದ ವಾರದಲ್ಲೇ ಸುಣ್ಣ ಬಳಿದವನೂ ಹೊಸ ಮನೆ ಎಂದ, ಕದ ಬದಲಿಸಿದವನೂ ಹೊಸ ಮನೆ ಎಂದ. ಅಂಗಳದಲ್ಲಿ ಪಾರಿವಾಳಕ್ಕೆ ಗೂಡು ಮಾಡಿಸಿದ ಮಹಾನುಭಾವನೊಬ್ಬ ಅದನ್ನೂ ಮನೆಯ ವಿಸ್ತರಣೆ ಎಂದು ಬರೆಸಿಬಿಟ್ಟ. ದೊರೆಗೆ ತಲೆ ಕೆಟ್ಟುಹೋಯಿತು.

ಇವರ ಆಟದಲ್ಲಿ ಸಿಕ್ಕಿಬಿದ್ದವನು ಬರಮಪ್ಪ. ಮಣ್ಣು ತುಳಿದು ಊರವರ ಗೋಡೆ ಎಬ್ಬಿಸುವುದೇ ಅವನ ಕಸುಬು. ಗಂಡನನ್ನು ಕಳೆದುಕೊಂಡ ಅಕ್ಕ ನೀಲವ್ವ ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿಗೆ ಬಂದಾಗ ಅವನ ಒಂದೇ ಅಂಕಣದ, ಎರಡು ಕಂಬಗಳ ನಡುವಿನಷ್ಟೇ ಅಗಲದ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಮಾಫಿ ಸಿಗುತ್ತದೆಂಬ ಧೈರ್ಯದ ಮೇಲೆ ಅದನ್ನು ಪೂರ್ತಿ ಕೆಡವಿ ನಾಲ್ಕು ಅಂಕಣ ಎಬ್ಬಿಸಿದ್ದ. ಗೋಡೆ ಮುಗಿದಿತ್ತು, ಮೇಲೆ ಸೂರಾಗುವ ಮಾಳಿಗೆ ಇನ್ನೂ ಏರಿರಲಿಲ್ಲ. ಈಗ ಮಾಫಿ ಇಲ್ಲವೆಂದರೆ ಯುಗಾದಿಗೆ ನಾಲ್ಕು ಅಂಕಣದ ತೆರಿಗೆ ಕಟ್ಟಬೇಕು, ಕಟ್ಟದಿದ್ದರೆ ಮನೆಯ ಜಾಗ ಅರಮನೆಗೆ. ಇದ್ದದ್ದೆಲ್ಲ ತೊಲೆಗೆ ಸುರಿದಿದ್ದ ಅವನ ಕೈಯಲ್ಲಿ ಕಾಸಿರಲಿಲ್ಲ. ಕೆಸರುಗಾಲಲ್ಲೇ ಅರಮನೆಗೆ ನಡೆದ.

ದೊರೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕರಾರು ಗೊತ್ತಿದೆಯೇ? ತಪ್ಪಿದರೆ ಮಾಳಿಗೆ ಹೋಗುತ್ತದೆ."

"ನಮ್ಮನಿಗೆ ಮಾಳಿಗೀನ ಇಲ್ರಿ, ದೊರಿ."

ಸಭೆ ಗೊಳ್ಳೆಂದಿತು. ದೊರೆ ಮಾತ್ರ ನಗಲಿಲ್ಲ. "ಹಾಗಾದರೆ ಮಾಳಿಗೆಯ ಬದಲು ನಿನ್ನ ತಲೆ," ಎಂದ.

ಬರಮಪ್ಪ ಒಮ್ಮೆ ಬಾಗಿಲ ಕಡೆ ನೋಡಿದ. ಆದರೂ ಅವನು ಹಿಂದೆ ಸರಿಯಲಿಲ್ಲ.

"ಮೊದಲನೆಯದು ಕೇಳಿ," ಎಂದ ದೊರೆ. "ಮನೆಯೊಳಗಿದೆ. ಅಜ್ಜಿಗಿಂತ ಹಿರಿಯದು, ತೊಟ್ಟಿಲ ಕೂಸಿಗಿಂತ ಕಿರಿಯದು. ಬೆಳಿಗ್ಗೆ ಹೊಸದು, ಸಂಜೆಗೆ ಹಳೆಯದು. ಏನದು?"

ಹತ್ತು ಅಂಕಣ ಸೇರಿಸಿ ಮಾಫಿಗೆ ಕಾದಿದ್ದ ಸಂಗಣ್ಣ ಶೆಟ್ಟಿ ಮುಂದೆ ನುಗ್ಗಿದ. "ಸೂರ್ಯ, ಮಹಾಪ್ರಭು!"

"ಸೂರ್ಯನನ್ನು ಮನೆಯೊಳಗೆ ಇಟ್ಟುಕೊಂಡಿದ್ದೀಯಾ ಶೆಟ್ಟಿ? ಇವನ ಮಾಳಿಗೆ ಕೀಳಿಸಿ."

ಬರಮಪ್ಪ ಮೆಲ್ಲಗೆ ಹೇಳಿದ: "ಅದು ನೆಲ ರೀ, ದೊರಿ. ನಮ್ಮಕ್ಕ ದಿನಾ ಮುಂಜಾನೆ ಸಗಣಿ ಹಾಕಿ ಸಾರಸ್ತಾಳ."

ದೊರೆ ತಲೆದೂಗಿ ಎರಡನೆಯದನ್ನು ಕೇಳಿದ. "ನಿಂತಾಗ ಒಣಗಿರುತ್ತದೆ. ಬಿದ್ದಾಗ ನೀರು ಕುಡಿದು ತುಳಿಸಿಕೊಳ್ಳುತ್ತದೆ. ತುಳಿಸಿಕೊಂಡಷ್ಟೂ ಗಟ್ಟಿಯಾಗಿ ಮತ್ತೆ ಎದ್ದು ನಿಲ್ಲುತ್ತದೆ."

"ಜೋಳದ ತೆನೆ!" ಎಂದರು ಆಸ್ಥಾನದ ಪಂಡಿತರು.

"ತುಳಿದ ತೆನೆ ಎದ್ದು ನಿಂತಿದ್ದನ್ನು ಯಾವ ಕಣದಲ್ಲಿ ಕಂಡಿರಿ, ಪಂಡಿತರೇ?" ಅವರ ಮಾಳಿಗೆಯೂ ಹೋಯಿತು.

ಬರಮಪ್ಪನಿಗೆ ಈಗ ನಗುವೇ ಬಂತು. "ದೊರಿ, ಈಗ ಬರೋ ಮುಂದಾನೂ ಅದನ್ನ ತುಳದ ಬಂದೀನಿ. ಹಳೇ ಗೋಡಿ ಮಣ್ಣು. ಕೆಡವಿ, ನೆನಸಿ, ತುಳದು ಹೊಸ ಗೋಡಿ ಕಟ್ಟತೀವಿ."

ದೊರೆಯ ದನಿ ಇಳಿಯಿತು. "ಮೂರನೆಯದು ನಮ್ಮ ತಾಯಿಯದು. ಮನೆ ಹಳೆಯದೋ ಹೊಸದೋ ಎಂದು ಹೆಂಗಸೊಬ್ಬಳು ಗೋಡೆ ಅಳೆಯದೆ, ತೊಲೆ ಎಣಿಸದೆ ಹೇಳಬಲ್ಲಳು. ಏನು ನೋಡಿ? ಉತ್ತರ ಹೇಳದೆಯೇ ಅವರು ತೀರಿಕೊಂಡರು. ಕೇಳಿದರೆ ಗುರುತು ಹಿಡಿಯುತ್ತೇನೆ."

ಸಭೆಯಲ್ಲಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಎಲ್ಲರಿಗೂ ತಮ್ಮ ತಮ್ಮ ಮಾಳಿಗೆಯ ಚಿಂತೆ.

ಬರಮಪ್ಪ ಕಣ್ಣು ಮುಚ್ಚಿದ. ಆರು ತಿಂಗಳಿಂದ ಬೇವಿನ ಮರದಡಿ ಮೂರು ಕಲ್ಲು ಹೂಡಿ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಸುಡುತ್ತಿದ್ದ ಅಕ್ಕ ಕಂಡಳು. "ಒಳಗ ಒಲಿ ಹೂಡಿ ಹಾಲು ಉಕ್ಕಸೋ ದಿನ ಯಾವಾಗ ಬರ್ತದೋ ತಮ್ಮಾ," ಎಂದು ನಿನ್ನೆಯಷ್ಟೇ ಕೇಳಿದ್ದಳು.

"ಒಲಿ ನೋಡ್ತಾಳ್ರಿ, ದೊರಿ," ಎಂದ. "ಒಲಿ ಮನಿ ಬಿಟ್ಟು ಹೊರಗ ಬಂದಿತ್ತೋ ಇಲ್ಲೋ ಅಂತ. ನೆಲ ಸಾರಿಸಿದ್ರ, ಸುಣ್ಣ ಬಳದ್ರ ಮನಿ ಹೊಸದಾಗಂಗಿಲ್ಲ. ಮಣ್ಣು ಹಳೇದಾದ್ರೂ ಕೆಡವಿ ಕಟ್ಟಿದ ಗೋಡಿ ಹೊಸದ. ಮನಿ ಪೂರಾ ಬಿಚ್ಚಿದವರಿಗೆ ಒಳಗ ಅಡಗಿ ಮಾಡಾಕ ಆಗಂಗಿಲ್ಲ. ಅವರು ಹೊರಗ ಉಂಡು, ತಿರುಗಿ ಒಳಗ ಹೋಗಿ ಹಾಲು ಉಕ್ಕಸ್ತಾರ. ಅಂಥವರಿಗೆ ಮಾಫಿ ಕೊಡ್ರಿ. ಶೆಟ್ಟರು ಹತ್ತು ಅಂಕಣ ಸೇರಿಸಿದ್ರು ಖರೆ, ಅವರ ಒಲಿ ಒಂದಿನಾನೂ ಕದಲಿಲ್ಲ."

ದೊರೆಯ ಕಣ್ಣು ಒದ್ದೆಯಾಯಿತು. ತಾಯಿಯ ಉತ್ತರ ಇದೇ ಎಂದು ಅವನಿಗೆ ಗುರುತು ಹತ್ತಿತು.

ಲೆಕ್ಕ ಬರೆಯುವ ಕರಣಿಕ ಕಡತ ಬಿಚ್ಚಿದ. "ಪ್ರಭು, ಅರಮನೆಗೆ ಸೇರಿಸಿದ ನೂರು ಕಂಬದ ಚಾವಡಿಗೂ ಮಾಫಿ ಬರೆದಿದೆ..."

ಎಲ್ಲರೂ ಬರಮಪ್ಪನ ಕಡೆ ನೋಡಿದರು. ಉತ್ತರ ಸರಿಯಾಗಿದ್ದರೂ ತಲೆ ಹೋಗುವ ಗಳಿಗೆ ಅದು. ಅವನು ಕೈಮುಗಿದು ಕೇಳಿದ: "ಅರಮನಿ ಒಲಿ ಆರಿತ್ತೇನ್ರಿ, ದೊರಿ?"

ದೊರೆ ಕರಣಿಕನ ಕಡತ ನೋಡಿದ, ಬರಮಪ್ಪನ ಕೆಸರುಗಾಲು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಲ್ಲ, ಮಾರಾಯ! ಒಂದು ಹೊತ್ತಿನ ಪಾಯಸವೂ ತಪ್ಪಲಿಲ್ಲ. ಚಾವಡಿಯ ತೆರಿಗೆ ನಾನು ಕಟ್ಟುತ್ತೇನೆ. ಆ ಹಣದಲ್ಲಿ ಒಲೆ ಹೊರಗಿಟ್ಟ ಮನೆಗಳಿಗೆಲ್ಲ ತೊಲೆ ಕೊಡಿಸಿ. ಇನ್ನು ಮೇಲೆ ಮಾಫಿ ಕೇಳಿದವರ ಮನೆ ನೋಡಿ ಬರುವ ಅಧಿಕಾರ ಇವನದು. ನಿನಗೆ ಇನ್ನೇನು ಬೇಕು, ಕೇಳು."

"ಹಾಲು ಉಕ್ಕಸೋ ದಿನ ನೀವ ಬರಬೇಕ್ರಿ."

ಯುಗಾದಿಗೆ ಮೂರು ದಿನ ಮುಂಚೆ ಮಾಳಿಗೆ ಏರಿತು. ನೀಲವ್ವ ಹೊಸ ಒಲೆ ಹಚ್ಚಿದಳು, ಹಾಲು ಮೂಡಣಕ್ಕೆ ಉಕ್ಕಿತು. ಅದನ್ನು ನೋಡಿ ಅವಳು ಅತ್ತಳು, ನಕ್ಕಳು, ನೆಲದ ಮೇಲೆ ಕುಳಿತಿದ್ದ ದೊರೆಗೆ ಮೊದಲ ಲೋಟ ಕೊಟ್ಟಳು. ಆಮೇಲೆ ಬೇವಿನ ಮರದಡಿಯ ಮೂರು ಕಲ್ಲುಗಳನ್ನು ತೊಳೆದು, ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಮನೆಗೆ ಹೋದಳು. ನಾಳೆ ಅವರು ಗೋಡೆ ಕೆಡವುವವರಿದ್ದರು.