ಕುಂಬಾರನ ಅಂಗಳದ ಆವರಿಕೆ

ಒಬ್ಬ ಶಿಷ್ಯ ಗುರುವನ್ನು ಕೇಳಿದ: “ನನ್ನ ಜೊತೆಯವನು ತಾಳೆಗರಿಯ ಓಲೆಯನ್ನು ತಡವರಿಸದೆ ಓದುತ್ತಾನೆ. ಹೇಗೆಂದು ಕೇಳಿದರೆ ಹೇಳಿಯೂ ಕೊಡುತ್ತಾನೆ. ಆದರೆ ಮುಖ್ಯವಾದದ್ದೊಂದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಹೇಳುತ್ತಿದ್ದಾನೆ ಅನ್ನಿಸುತ್ತದೆ. ಅದನ್ನು ಅವನ ಬಾಯಿಂದ ಹೊರಡಿಸುವುದು ಹೇಗೆ?”

ಗುರು ಈ ಕತೆ ಹೇಳಿದ.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಹಿತ್ತಲಲ್ಲಿ ಬಾವಿಯಿತ್ತು, ಬಾವಿಯ ಸುತ್ತ ಮಲ್ಲಿಗೆಯಿತ್ತು. ಬೇಲಿಯಾಚೆ ಒಬ್ಬ ಕುಂಬಾರನ ಮನೆ. ಕುಂಬಾರನ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಮಡಕೆ ಒಣಗಿಸಲು ಅವನಿಗೆ ಅದೇ ಬೇಕಾಗಿತ್ತು. ಆ ಬಿಸಿಲಿನಲ್ಲಿ ಆವರಿಕೆ ಗಿಡಗಳು ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತಿದ್ದವು.

ವರ್ತಕನ ಮುದಿ ತಾಯಿ ದಿನವೂ ಬೆಳಗ್ಗೆ ಕೋಲೂರಿಕೊಂಡು ಅಲ್ಲಿಗೆ ಹೋಗಿ, ಪೂಜೆಗೆ ಸೆರಗು ತುಂಬ ಆ ಹೂ ಕೊಯ್ದು ತರುತ್ತಿದ್ದಳು. ಹೂ ಕೊಯ್ಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿರುತ್ತಿದ್ದಳು. ಬೇಲಿಯಾಚೆಯಿಂದ ಅವಳ ನಗು ಕೇಳಿಸುತ್ತಿತ್ತು. ತನ್ನ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಯಾವಾಗ ಎಂದು ವರ್ತಕ ನೆನಪಿಸಿಕೊಳ್ಳಲು ನೋಡುತ್ತಿದ್ದ.

“ಮನೆಯಲ್ಲೇ ಇಷ್ಟು ಮಲ್ಲಿಗೆ ಇದೆಯಲ್ಲ ಅವ್ವ,” ಎಂದ ಒಂದು ದಿನ.

“ಮಲ್ಲಿಗೆ ನೀನು ನೀರೆರೆದದ್ದಕ್ಕೆ ಬಿಟ್ಟಿತು ಮಗಾ. ಇದು ಯಾರನ್ನೂ ಕೇಳದೆ ಬಿಟ್ಟಿದೆ. ದೇವರಿಗೆ ಇದಿರಲಿ. ನನ್ನ ತವರಿನ ಬಯಲಿನಲ್ಲೂ ಇದೇ ಇತ್ತು.”

ಆ ಮಾತು ಅವನಿಗೆ ನಾಟಿತು. ಒಂದೇ ಒಂದು ಬೆಳಗ್ಗೆ ಅವ್ವ ಆ ಹೂವನ್ನು ತನ್ನ ಹಿತ್ತಲಲ್ಲಿ ಕೊಯ್ಯಬೇಕು. ಅವನಿಗೆ ಬೇರೇನೂ ಬೇಡವಾಯಿತು.

ಅವನು ಹೋಗಿ ಕುಂಬಾರನನ್ನು ಬೀಜ ಕೇಳಿದ. ಕುಂಬಾರ ಬೊಗಸೆ ತುಂಬ ಕೊಟ್ಟ.

“ಸಿಪ್ಪೆ ಗಟ್ಟಿ, ಸಾಹುಕಾರರೇ. ಒಡೆದ ಮಡಕೆಯ ಚೂರಿಗೆ ಉಜ್ಜಿ ಸವೆಸಿರಿ. ಬಿಸಿಲು ಬೀಳುವ ಬರಡು ಜಾಗದಲ್ಲಿ ಮೊದಲ ಮಳೆಗೆ ಹಾಕಿರಿ. ಗೊಬ್ಬರ ಬೇಡ. ಬೇರು ಹಿಡಿದ ಮೇಲೆ ನೀರೂ ಬೇಡ.” ಉಜ್ಜಲು ಒಂದು ಒರಟು ಚೂರನ್ನು ತಾನೇ ಆರಿಸಿ ಕೊಟ್ಟ.

ವರ್ತಕ ದಾರಿಯಲ್ಲೇ ಚೂರನ್ನು ಎಸೆದ. ಸಂತೆಯಲ್ಲಿ ಮಾರುವವನು ಒಂದು ಮೂಟೆಯನ್ನು ಹೊಗಳಿದರೆ ಅದರ ಪಕ್ಕದ ಮೂಟೆಯನ್ನು ಕೊಳ್ಳುವುದು ಅವನ ರೂಢಿ. ಇಲ್ಲೂ ಹಾಗೇ ಮಾಡಿದ. ಬೀಜವನ್ನು ಉಜ್ಜಲಿಲ್ಲ. ಬಾವಿಯ ಪಕ್ಕ ನೆರಳಿನಲ್ಲಿ ಪಾತಿ ಮಾಡಿ, ಗೊಬ್ಬರ ಹಾಕಿ, ದಿನಕ್ಕೆ ಎರಡು ಕೊಡ ನೀರು ಸುರಿದ. ಎದ್ದದ್ದು ನಾಲ್ಕೇ ಸಸಿ. ಅವೂ ಬುಡ ಕೊಳೆತು ಬಿದ್ದವು. ಕುಂಬಾರ ಬೇಕೆಂದೇ ಕೆಟ್ಟ ಬೀಜ ಕೊಟ್ಟಿದ್ದಾನೆ ಎಂದುಕೊಂಡ. ಮರುವರ್ಷ ಬೇಲಿಗೆ ಬಾಗಿದ ಗಿಡದಿಂದ ತಾನೇ ಬಲಿತ ಕಾಯಿ ಬಿಡಿಸಿ ತಂದು, ಗೊಬ್ಬರವನ್ನೂ ನೀರನ್ನೂ ಇಮ್ಮಡಿ ಮಾಡಿದ. ಮತ್ತೆ ಅದೇ ಆಯಿತು.

ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು. ಕುಂಬಾರ ದಿನವೂ ಹೊಸ ಕುಡಿಕೆಯಲ್ಲಿ ಹೂ ತಂದು ಅವಳ ತಲೆದೆಸೆಯಲ್ಲಿ ಇಟ್ಟು ಹೋಗುತ್ತಿದ್ದ. ಅವನು ಬರುವ ಹೊತ್ತಿಗೆ ಅವಳು ಬಾಗಿಲ ಕಡೆ ಹೊರಳುತ್ತಿದ್ದಳು. ಅದನ್ನು ನೋಡಲಾರದೆ ವರ್ತಕ ಒಂದು ದಿನ ಅವನನ್ನು ಜಗಲಿಯಲ್ಲಿ ತಡೆದ.

“ನಿಜ ಹೇಳು. ಏನನ್ನು ಮುಚ್ಚಿಟ್ಟಿದ್ದೀಯ?”

“ಚೂರಿಗೆ ಉಜ್ಜಿದಿರಾ?”

“ಇಲ್ಲ.”

“ನೀರು?”

“ದಿನಕ್ಕೆ ನಾಲ್ಕು ಕೊಡ.”

ಕುಂಬಾರನಿಗೆ ನಗು ತಡೆಯಲಾಗಲಿಲ್ಲ. “ಬಾಳೆಯ ಕಂದಿಗೂ ಯಾರೂ ಅಷ್ಟು ಹೊರುವುದಿಲ್ಲ, ಸಾಹುಕಾರರೇ. ನಾನು ಹೇಳಿದ್ದು ಅಷ್ಟೇ. ಅದರಾಚೆ ನನಗೂ ಗೊತ್ತಿಲ್ಲ.”

ಮುಂದಿನ ಮಳೆಗಾಲದಲ್ಲಿ ವರ್ತಕ ಅವನು ಹೇಳಿದಂತೆ ಮಾಡಿದ. ಬೀಜ ಉಜ್ಜಿದ, ಬಿಸಿಲಿನಲ್ಲಿ ಬಿತ್ತಿದ, ಬಾವಿಯ ಹಗ್ಗ ಮುಟ್ಟಲಿಲ್ಲ. ಸಸಿಗಳು ಸಾಲಾಗಿ ಎದ್ದವು. ಅವು ಮೊಣಕಾಲೆತ್ತರ ಬಂದಾಗ ತಾಯಿ ತೀರಿಕೊಂಡಳು. ಅವಳ ತಲೆದೆಸೆಯಲ್ಲಿದ್ದದ್ದು ಕುಂಬಾರನ ಅಂಗಳದ ಹೂ. ವರ್ತಕನ ಗಿಡಗಳು ಮೊಗ್ಗು ಬಿಟ್ಟದ್ದು ಅದಾದ ಮೂರನೆಯ ತಿಂಗಳಲ್ಲಿ.

ಗುರು ಕತೆ ನಿಲ್ಲಿಸಿದ. ಶಿಷ್ಯ ಕೇಳಿದ: “ಕುಂಬಾರ ಮೊದಲ ದಿನವೇ ಎಲ್ಲವನ್ನೂ ಹೇಳಿದ್ದ. ವರ್ತಕ ಯಾಕೆ ನಂಬಲಿಲ್ಲ?”

“ಕುಂಬಾರನ ಜಾಗದಲ್ಲಿ ತಾನಿದ್ದಿದ್ದರೆ ಏನು ಹೇಳುತ್ತಿದ್ದೆನೆಂಬುದು ವರ್ತಕನಿಗೆ ಗೊತ್ತಿತ್ತು,” ಎಂದ ಗುರು.

ಶಿಷ್ಯ ತನ್ನ ಓಲೆಯನ್ನು ಎತ್ತಿಕೊಂಡು ಜೊತೆಯವನು ಕುಳಿತಲ್ಲಿಗೆ ಹೋದ.